ಜ್ವರ ಬಿಟ್ಟ ಮೇಲಿನ ಎರಡು ದಿನ

(ಮಳೆಗಾಲದ ಆರಂಭದಲ್ಲಿ ಕಲಬುರಗಿಯಲ್ಲಿ ಸಾರ್ವಜನಿಕರ ಮುಂದೆ ಡೆಂಗಿ ಜ್ವರದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಶರಣು.

ಮಳೆ ಶುರುವಾಗಿ ತಿಂಗಳೊಪ್ಪತ್ತು ಕಳೆದರೆ ಸಾಕು, ಈ ಊರಿನ ಯಾವ ದವಾಖಾನೆಯ ಪಡಸಾಲೆಯಲ್ಲಿ ನಿಂತರೂ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತದೆ: "ಪ್ಲೇಟ್‌ಲೆಟ್ ಎಷ್ಟಾಯಿತು ಸಾಹೇಬರೇ?" ಸೊಲ್ಲಾಪುರದ ಸೋದರಮಾವ, ಹೈದರಾಬಾದಿನ ಅಳಿಯ, ಪುಣೆಗೆ ದುಡಿಯಲು ಹೋದ ತಮ್ಮ, ಎಲ್ಲರೂ ಫೋನ್ ಮಾಡಿ ವಿಚಾರಿಸುವುದು ಆ ಒಂದು ಸಂಖ್ಯೆಯನ್ನೇ, ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣಗಳ ಎಣಿಕೆಯನ್ನು. ನಿನ್ನೆ ಎಪ್ಪತ್ತು ಸಾವಿರ ಇತ್ತು, ಇವತ್ತು ನಲವತ್ತಕ್ಕೆ ಬಂತು ಎಂದರೆ ಮನೆಮಂದಿಯ ಮುಖ ಬಾಡುತ್ತದೆ. ರೋಗಿಗೆ ಮೂತ್ರ ಹೋಯಿತೇ, ಕೈಕಾಲು ಬೆಚ್ಚಗಿವೆಯೇ, ವಾಂತಿ ನಿಂತಿತೇ ಎಂದು ಕೇಳುವವರು ನೂರಕ್ಕೊಬ್ಬರು. ನನ್ನ ಅನುಭವದಲ್ಲಿ ಆ ಒಬ್ಬರು ಸಾಮಾನ್ಯವಾಗಿ ರೋಗಿಯ ತಾಯಿ.

ಇವತ್ತು ನಾನು ಬಂದಿರುವುದು ಆ ತಾಯಿಯ ಪ್ರಶ್ನೆಗಳ ಪರವಾಗಿ ವಾದ ಮಾಡಲು. ಡೆಂಗಿಯಿಂದ ಆಸ್ಪತ್ರೆ ಸೇರಿದವರಲ್ಲಿ ಜೀವಕ್ಕೆ ಎರವಾಗುವುದು ಬಹುಪಾಲು ಪ್ಲೇಟ್‌ಲೆಟ್ ಕೊರತೆಯಿಂದಲ್ಲ, ರಕ್ತನಾಳಗಳಿಂದ ನೀರಿನಂಶ ಸೋರಿಹೋಗುವುದರಿಂದ. ಆ ಸೋರಿಕೆ ಜೋರಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ. ಮನೆಯವರೆಲ್ಲ "ಸದ್ಯ, ಜ್ವರ ಬಿಟ್ಟಿತು" ಎಂದು ನಿಟ್ಟುಸಿರು ಬಿಡುವ ಗಳಿಗೆಯಲ್ಲಿ ವೈದ್ಯರು ಎಚ್ಚರಗೊಳ್ಳಬೇಕು. ಇಷ್ಟು ಒಂದು ವಿಷಯ ನಿಮ್ಮೊಂದಿಗೆ ಮನೆಗೆ ಬಂದರೆ ನನ್ನ ಕೆಲಸ ಆಯಿತು. ಉಳಿದದ್ದೆಲ್ಲ ಅದರ ವಿವರಣೆ.

ವೈರಾಣುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಹರಡುವುದು ಈಡಿಸ್ ಜಾತಿಯ ಹೆಣ್ಣು ಸೊಳ್ಳೆ. ಕಪ್ಪು ಮೈಮೇಲೆ ಬಿಳಿ ಪಟ್ಟೆ, ಕಚ್ಚುವುದು ಹಗಲು ಹೊತ್ತಿನಲ್ಲಿ. ಕಚ್ಚಿದ 4ರಿಂದ 10 ದಿನಗಳ ನಂತರ ಜ್ವರ ಬರುತ್ತದೆ. ಸೋಂಕು ತಗಲಿದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಉಳಿದವರಿಗೆ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಕಾಯಿಲೆ ಬಿದ್ದವರಲ್ಲಿ ಇಪ್ಪತ್ತಕ್ಕೆ ಒಬ್ಬರಂತೆ ತೀವ್ರ ಸ್ಥಿತಿಗೆ ಹೋಗುತ್ತಾರೆ. ನಾವು ವಾರ್ಡಿನಲ್ಲಿ ನೋಡುವುದು ಈ ಸಣ್ಣ ಪಾಲನ್ನು, ಮತ್ತು ಆ ಪಾಲಿಗೆ ಸೇರಬಹುದು ಎಂಬ ಅನುಮಾನ ಇರುವವರನ್ನು.

ಮೊದಲ ಹಂತ ಜ್ವರದ್ದು. ಎರಡರಿಂದ ಏಳು ದಿನ ಇರುತ್ತದೆ. ಒಮ್ಮೆಲೇ 103, 104 ಡಿಗ್ರಿಗೆ ಏರುತ್ತದೆ. ತಲೆನೋವು, ಕಣ್ಣುಗುಡ್ಡೆಯ ಹಿಂದೆ ನೋವು, ಸೊಂಟ ಮತ್ತು ಕೀಲುಗಳಲ್ಲಿ ಹಿಂಡಿ ತೆಗೆದಂಥ ನೋವು, ಮುಖ ಕೆಂಪೇರುವುದು, ಬಾಯಿ ಕಹಿ, ವಾಕರಿಕೆ. ನೆಗಡಿ, ಕೆಮ್ಮು ಸಾಮಾನ್ಯವಾಗಿ ಅಷ್ಟಾಗಿ ಇರುವುದಿಲ್ಲ. ಇಷ್ಟರಿಂದಲೇ ಡೆಂಗಿ ಎಂದು ಹೇಳಿಬಿಡಲು ಬರುವುದಿಲ್ಲ. ಚಿಕುನ್‌ಗುನ್ಯಾ, ಮಲೇರಿಯಾ, ಟೈಫಾಯಿಡ್, ಇಲಿಜ್ವರ, ಹೊಲದಲ್ಲಿ ದುಡಿಯುವವರಿಗೆ ಉಣ್ಣೆಯಂಥ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್, ಎಲ್ಲವೂ ಆರಂಭದಲ್ಲಿ ಇದೇ ವೇಷದಲ್ಲಿ ಬರುತ್ತವೆ. ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ: ನಮ್ಮ ಕಡೆ ಯಾವ ಜ್ವರ ಬಂದರೂ ಎರಡನೇ ದಿನಕ್ಕೆ ವಿಡಾಲ್ ಪರೀಕ್ಷೆ ಮಾಡಿಸಿ "ಟೈಫಾಯಿಡ್ ಇದೆ" ಎಂದು ಚೀಟಿ ಬರೆಯುವ ಚಾಳಿ ಇದೆ. ಅಷ್ಟು ಬೇಗ ಆ ಪರೀಕ್ಷೆಯನ್ನು ನಂಬಲಾಗದು. ಆ ಚೀಟಿಯ ಭರವಸೆಯಲ್ಲಿ ಮನೆಯಲ್ಲಿ ಕುಳಿತು, ಐದನೇ ದಿನ ತಣ್ಣಗಾಗಿ ಬರುವವರಿದ್ದಾರೆ.

ಡೆಂಗಿಯ ಪರೀಕ್ಷೆಗೂ ಅದರದೇ ದಿನಗಣನೆ ಇದೆ. ಮೊದಲ ಐದು ದಿನಗಳಲ್ಲಿ ವೈರಸ್ಸಿನದೇ ಒಂದು ಪ್ರೋಟೀನನ್ನು ಹುಡುಕುವ ಎನ್‌ಎಸ್1, ಐದನೇ ದಿನದ ಆಚೆ ವೈರಸ್ಸಿನ ವಿರುದ್ಧ ಶರೀರ ತಯಾರಿಸುವ ಪ್ರತಿಕಾಯವನ್ನು ಹುಡುಕುವ ಐಜಿಎಂ. ಏಳನೇ ದಿನ ಬಂದು ಎನ್‌ಎಸ್1 ಮಾಡಿಸಿ, "ಇಲ್ಲ ಎಂದು ಬಂತು" ಎಂದು ಸಮಾಧಾನಪಟ್ಟರೆ ಏನೂ ಸಾಬೀತಾಗುವುದಿಲ್ಲ. ಆದ್ದರಿಂದ ಜ್ವರ ಶುರುವಾದ ದಿನವನ್ನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವೈದ್ಯರಿಗೆ ಆ ಗುರುತಿನಷ್ಟು ಉಪಕಾರ ಮಾಡುವ ಮಾಹಿತಿ ಇನ್ನೊಂದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು ಸರಳ. ಪ್ಯಾರಾಸಿಟಮಾಲ್ ಒಂದೇ ಗುಳಿಗೆ, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ, ಆರು ತಾಸಿಗೊಮ್ಮೆ. ಮಜ್ಜಿಗೆ, ಗಂಜಿ, ಎಳನೀರು, ಓಆರ್‌ಎಸ್, ತೊಗರಿ ಬೇಳೆಯ ಕಟ್ಟು, ಯಾವುದು ಒಳಗೆ ಇಳಿಯುತ್ತದೆಯೋ ಅದು. ಆದರೆ ಮೈಕೈ ನೋವು ತಡೆಯಲಾರದೆ ಹಳ್ಳಿಗಳಲ್ಲಿ ಜನ ಸೂಜಿ ಮಾಡಿಸಿಕೊಳ್ಳುತ್ತಾರೆ. ಸೂಜಿಯೊಳಗೆ ಇರುವುದು ಹೆಚ್ಚಾಗಿ ಡೈಕ್ಲೋಫೆನಾಕ್. ಅದು ಅರ್ಧ ತಾಸಿನಲ್ಲಿ ಮೈ ಹಗುರ ಮಾಡುತ್ತದೆ, ನಿಜ. ಜೊತೆಗೆ ಪ್ಲೇಟ್‌ಲೆಟ್‌ಗಳ ಕೆಲಸ ಕೆಡಿಸುತ್ತದೆ, ಹೊಟ್ಟೆಯ ಒಳಪೊರೆ ಕೆರಳಿಸಿ ರಕ್ತ ಒಸರುವಂತೆ ಮಾಡಬಲ್ಲದು, ಚುಚ್ಚಿದ ಜಾಗದಲ್ಲಿ ಮಾಂಸದೊಳಗೆ ರಕ್ತ ಹೆಪ್ಪುಗಟ್ಟುತ್ತದೆ. ಐಬುಪ್ರೊಫೆನ್, ಆಸ್ಪಿರಿನ್ ಕೂಡ ಇದೇ ಗುಂಪಿನವು. ಹೃದಯದ ತೊಂದರೆಗೆಂದು ದಿನವೂ ಆಸ್ಪಿರಿನ್ ತೆಗೆದುಕೊಳ್ಳುವ ಹಿರಿಯರು ತಾವಾಗಿಯೇ ನಿಲ್ಲಿಸಬಾರದು, ಮುಂದುವರಿಸಲೂಬಾರದು. ಜ್ವರ ಬಂದ ದಿನವೇ ವೈದ್ಯರನ್ನು ಕೇಳಬೇಕು.

ಈಗ ಮುಖ್ಯ ಭಾಗ. ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ವಾರ್ಡಿನಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಜೋಡಿಸಿ ನಾನು ಕಟ್ಟಿದ ರೋಗಿ ಈಕೆ. ಯಾರ ಮನೆಯವರು ಎಂದು ಹುಡುಕಬೇಡಿ. ವಯಸ್ಸು ಇಪ್ಪತ್ತೆಂಟು, ಜೇವರ್ಗಿ ಕಡೆಯವರು, ಕಲಬುರಗಿಯ ಒಂದು ದಾಲ್‌ಮಿಲ್‌ನಲ್ಲಿ ಕೆಲಸ, ತೂಕ ಐವತ್ತು ಕಿಲೋ. ಸೋಮವಾರ ಜ್ವರ. ಬುಧವಾರ ರಕ್ತ ಪರೀಕ್ಷೆ: ಎನ್‌ಎಸ್1 ಇದೆ, ಪ್ಲೇಟ್‌ಲೆಟ್ 1,40,000, ಪಿಸಿವಿ 36 (ಪಿಸಿವಿ ಎಂದರೇನು ಎಂದು ಮುಂದೆ ಹೇಳುತ್ತೇನೆ). ಗುರುವಾರ ರಾತ್ರಿ ಮೈ ಬೆವರಿ ಜ್ವರ ಇಳಿಯಿತು. ಶುಕ್ರವಾರ ಬೆಳಿಗ್ಗೆ ಏಳಲು ಹೋದರೆ ತಲೆ ಸುತ್ತು. ಮೂರು ಸಲ ವಾಂತಿ. ಬಲಪಕ್ಕೆಯ ಕೆಳಗೆ ಹೊಟ್ಟೆನೋವು. ರಾತ್ರಿಯಿಂದ ಮೂತ್ರಕ್ಕೆ ಹೋಗಿಲ್ಲ. ಅತ್ತೆಯವರು ಪ್ರೀತಿಯಿಂದಲೇ ಹೇಳುತ್ತಾರೆ: "ಜ್ವರ ಬಿಟ್ಟಿದೆಯವ್ವಾ, ನಿಶ್ಶಕ್ತಿ ಅಷ್ಟೇ, ಮಲಗಿಕೋ."

ಮಧ್ಯಾಹ್ನ ಕರೆತಂದಾಗ ಆಕೆ ಮಾತನಾಡುತ್ತಿದ್ದಾರೆ, ಹೆಸರು ಹೇಳುತ್ತಾರೆ. ಯಂತ್ರ ತೋರಿಸಿದ ಬಿಪಿ 100ಕ್ಕೆ 84. "ನೂರು ಇದೆ, ಪರವಾಗಿಲ್ಲ" ಎಂದು ಯಾರಿಗಾದರೂ ಅನ್ನಿಸಬಹುದು. ಮೋಸ ಹೋಗುವುದು ಇಲ್ಲೇ. ನೋಡಬೇಕಾದದ್ದು ಮೇಲಿನ ಅಂಕಿಯನ್ನು ಮಾತ್ರವಲ್ಲ, ಎರಡರ ನಡುವಿನ ಅಂತರವನ್ನು. ಆರೋಗ್ಯವಂತರಲ್ಲಿ ಅದು ನಲವತ್ತರ ಆಸುಪಾಸು ಇರುತ್ತದೆ. ಈಕೆಯದು ಹದಿನಾರು. ಇಪ್ಪತ್ತು ಅಥವಾ ಅದಕ್ಕಿಂತ ಕಡಿಮೆಯಾದರೆ ಡೆಂಗಿಯಲ್ಲಿ ಅದನ್ನು ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ, ಎಂದೇ ಎಣಿಸುತ್ತೇವೆ. ನಾಡಿ ನಿಮಿಷಕ್ಕೆ 124. ಅಂಗೈ ತಣ್ಣಗೆ. ಬೆರಳಿನ ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು, ಇಲ್ಲಿ ನಾಲ್ಕು ಹಿಡಿಯುತ್ತದೆ. ಪಿಸಿವಿ 36ರಿಂದ 46ಕ್ಕೆ ಏರಿದೆ. ಪ್ಲೇಟ್‌ಲೆಟ್? 62,000. ಮನೆಯವರ ಲೆಕ್ಕದಲ್ಲಿ "ಇನ್ನೂ ಅರವತ್ತು ಇದೆಯಲ್ಲ."

ಪಿಸಿವಿ ಎಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬ ಲೆಕ್ಕ. ಅದೇ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ, ವರದಿಯಲ್ಲಿ ಪ್ಲೇಟ್‌ಲೆಟ್‌ನ ಮೇಲೆಯೋ ಕೆಳಗೆಯೋ ಇರುತ್ತದೆ, ಬೇರೆ ದುಡ್ಡು ಕೊಡಬೇಕಾಗಿಲ್ಲ. ಯಾರೂ ನೋಡುವುದಿಲ್ಲ ಅಷ್ಟೇ. ಹೊಸ ಮಣ್ಣಿನ ಕೊಡದ ಮೈಯಿಂದ ನೀರು ಜಿನುಗುತ್ತದಲ್ಲ, ಹಾಗೆ ಡೆಂಗಿಯಲ್ಲಿ ಸೂಕ್ಷ್ಮ ರಕ್ತನಾಳಗಳ ಗೋಡೆಯಿಂದ ರಕ್ತದ ತೆಳು ಭಾಗ, ಪ್ಲಾಸ್ಮಾ, ಹೊರಗೆ ಜಿನುಗಿ ಹೊಟ್ಟೆಯಲ್ಲಿ, ಪುಪ್ಪುಸದ ಸುತ್ತ ಸೇರಿಕೊಳ್ಳುತ್ತದೆ. ನಾಳದೊಳಗೆ ಉಳಿದದ್ದು ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಮೊದಲಿದ್ದದ್ದಕ್ಕಿಂತ ನೂರಕ್ಕೆ ಇಪ್ಪತ್ತರಷ್ಟು ಏರಿದರೆ ಸೋರಿಕೆ ಗಣನೀಯ ಎಂದರ್ಥ. ಸೋರಿದ ನೀರು ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ, ಹೆಚ್ಚಾಗಿ ಎದೆಯ ಬಲಭಾಗದಲ್ಲಿ. ಪಿತ್ತಕೋಶದ ಗೋಡೆಯೂ ದಪ್ಪಗಾಗಿರುತ್ತದೆ. ಆ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಸುವವರಿದ್ದಾರೆ.

ಈ ಸೋರಿಕೆಯ ಅವಧಿ 24ರಿಂದ 48 ತಾಸು. ಅಷ್ಟು ಹೊತ್ತು ರೋಗಿಯನ್ನು ದಾಟಿಸಿಬಿಟ್ಟರೆ ಶರೀರ ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ. ವೈರಸ್ಸನ್ನು ಕೊಲ್ಲುವ ಮದ್ದು ನಮ್ಮ ಕೈಯಲ್ಲಿಲ್ಲ. ಇರುವುದು ಉಪ್ಪುನೀರು ಮತ್ತು ಕಾವಲು. ನಮ್ಮ ರೋಗಿಗೆ ಮೊದಲ ಒಂದು ತಾಸಿನಲ್ಲಿ ಅರ್ಧ ಲೀಟರ್ ಸಲೈನ್ ಹೋಗುತ್ತದೆ. ಕೈ ಬೆಚ್ಚಗಾಯಿತು, ಬಿಪಿ ಅಂತರ ಮೂವತ್ತಕ್ಕೆ ಬಂತು ಎಂದ ಕೂಡಲೇ ವೇಗ ತಗ್ಗಿಸುತ್ತೇವೆ. ಆಮೇಲೆ ಪ್ರತಿ ಕೆಲವು ತಾಸಿಗೊಮ್ಮೆ ನಾಡಿ, ಬಿಪಿ, ಮೂತ್ರದ ಅಳತೆ, ಪಿಸಿವಿ ನೋಡಿಕೊಂಡು ಮತ್ತಷ್ಟು ತಗ್ಗಿಸುತ್ತಾ ಹೋಗುವುದು. ಇಡೀ ಚಿಕಿತ್ಸೆಯ ಜಾಣ್ಮೆ ಇರುವುದು ಈ ಏರಿಳಿಸುವುದರಲ್ಲಿ, ಮತ್ತು ಅದನ್ನು ಮಾಡುವವರು ರಾತ್ರಿ ಪಾಳಿಯ ನರ್ಸ್.

ಶನಿವಾರ ಏನಾಗುತ್ತದೆ ನೋಡಿ. ಪಿಸಿವಿ 39. ಮೂತ್ರ ಚೆನ್ನಾಗಿ ಹೋಗುತ್ತಿದೆ. ಆಕೆ "ರೊಟ್ಟಿ ತಿನ್ನಬಹುದೇ?" ಎಂದು ಕೇಳುತ್ತಾರೆ. ಪ್ಲೇಟ್‌ಲೆಟ್ 24,000. ಹೊರಗೆ ಪಡಸಾಲೆಯಲ್ಲಿ ಹಾಹಾಕಾರ! "ಇಪ್ಪತ್ನಾಲ್ಕಕ್ಕೆ ಬಿತ್ತು, ಇಲ್ಲಿ ಏನೂ ಮಾಡುತ್ತಿಲ್ಲ, ಹೈದರಾಬಾದಿಗೆ ಒಯ್ಯೋಣ, ಗಾಡಿ ತರಿಸು." ಶುಕ್ರವಾರ ಮಧ್ಯಾಹ್ನ, ಆಕೆ ನಿಜವಾಗಿ ಸಾವಿನ ಹೊಸ್ತಿಲಲ್ಲಿದ್ದಾಗ, ಯಾರಿಗೂ ಗಾಬರಿ ಇರಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಗಾಬರಿ. ಒಂದೇ ಸಂಖ್ಯೆಯನ್ನು ನೋಡುತ್ತಾ ಕುಳಿತವರಿಗೆ ಹೀಗಾಗದೆ ಇನ್ನೇನಾಗುತ್ತದೆ? ಪ್ಲೇಟ್‌ಲೆಟ್ ಎಷ್ಟೋ ಸಲ ತಳ ಮುಟ್ಟುವುದು ರೋಗಿ ಚೇತರಿಸಿಕೊಳ್ಳಲು ಶುರುಮಾಡಿದ ಹೊತ್ತಿಗೆ. ಎರಡು ಮೂರು ದಿನಗಳಲ್ಲಿ ಅದು ತಾನಾಗಿಯೇ ಏರುತ್ತದೆ.

ಹಾಗಾದರೆ ಪ್ಲೇಟ್‌ಲೆಟ್ ಚೀಲ ಏರಿಸುವುದು ಬೇಡವೇ? ರಕ್ತಸ್ರಾವ ಇದ್ದರೆ ಬೇಕಾಗಬಹುದು. ಸ್ರಾವವೇ ಇಲ್ಲದೆ ಬರೀ ಸಂಖ್ಯೆ ಕಡಿಮೆ ಎಂದು ಮುಂಜಾಗ್ರತೆಗಾಗಿ ಕೊಟ್ಟರೆ ಉಪಯೋಗವಿದೆಯೇ ಎಂಬುದನ್ನು ಸಿಂಗಾಪುರ ಮತ್ತು ಮಲೇಷ್ಯಾದ ವೈದ್ಯರು ಪರೀಕ್ಷಿಸಿ ನೋಡಿದರು. 20,000 ಅಥವಾ ಅದಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಇದ್ದ 372 ವಯಸ್ಕರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ಲೇಟ್‌ಲೆಟ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ: ರಕ್ತಸ್ರಾವದ ಪ್ರಮಾಣದಲ್ಲಿ ವ್ಯತ್ಯಾಸವಿಲ್ಲ, ಪ್ಲೇಟ್‌ಲೆಟ್ ಪಡೆದವರಲ್ಲಿ ಅಡ್ಡಪರಿಣಾಮ ಹೆಚ್ಚು. ನಮ್ಮ ದೇಶದ ಮಾರ್ಗಸೂಚಿಯೂ ಸ್ರಾವವಿಲ್ಲದವರಲ್ಲಿ 10,000ಕ್ಕಿಂತ ಕೆಳಗೆ ಇಳಿದಾಗ ಮಾತ್ರ ಯೋಚಿಸಬಹುದು ಎನ್ನುತ್ತದೆ. ಹೀಗಿದ್ದೂ ನಲವತ್ತು ಸಾವಿರಕ್ಕೇ ಚೀಲ ಹುಡುಕಿಕೊಂಡು ರಕ್ತನಿಧಿಯ ಮುಂದೆ ಸಾಲು ನಿಲ್ಲುವುದು ನಿಂತಿಲ್ಲ. ಇದರಲ್ಲಿ ಮನೆಯವರದಷ್ಟೇ ತಪ್ಪಿಲ್ಲ. "ಏನಾದರೂ ಮಾಡಿ" ಎಂಬ ಒತ್ತಾಯಕ್ಕೆ ಮಣಿದು ಚೀಲ ತರಿಸುವ ನಮ್ಮ ಬಳಗದವರೂ ಇದ್ದಾರೆ. ಸುಮ್ಮನೆ ಕಾಯುತ್ತಾ ಅಳೆಯುವುದು ಚಿಕಿತ್ಸೆಯಂತೆ ಕಾಣುವುದಿಲ್ಲ.

ಸಲೈನ್ ಬಗ್ಗೆಯೂ ಒಂದು ಮಾತು. ನಮ್ಮ ಕಡೆ ಬಾಟಲಿ ಹಚ್ಚುವುದೆಂದರೆ ಶಕ್ತಿ ತುಂಬಿಸುವುದು ಎಂಬ ನಂಬಿಕೆ ಇದೆ. ಡೆಂಗಿಯಲ್ಲಿ ಅದು ಎರಡಲಗಿನ ಕತ್ತಿ. ಸೋರಿಕೆ ನಿಂತ ಮೇಲೆ, ಹೊರಗೆ ಹೋದ ನೀರೆಲ್ಲ ಎರಡು ಮೂರು ದಿನಗಳಲ್ಲಿ ವಾಪಸ್ ರಕ್ತನಾಳಕ್ಕೆ ಬರುತ್ತದೆ. ಆಗಲೂ ಬಾಟಲಿ ಹರಿಯುತ್ತಿದ್ದರೆ ಹೆಚ್ಚಾದ ನೀರು ಪುಪ್ಪುಸ ತುಂಬುತ್ತದೆ, ಉಸಿರು ಕಟ್ಟುತ್ತದೆ. ಆಸ್ಪತ್ರೆ ಸೇರಿದ ಡೆಂಗಿ ರೋಗಿಗಳು ತೊಂದರೆಗೆ ಸಿಕ್ಕುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ವೈದ್ಯರು ಬಾಟಲಿ ತೆಗೆದರೆ ಕೈಬಿಟ್ಟರು ಎಂದುಕೊಳ್ಳಬೇಡಿ. ಸರಿಯಾದ ಹೊತ್ತಿಗೆ ತೆಗೆದಿದ್ದಾರೆ ಎಂದರೆ ಹಚ್ಚಿದ್ದಕ್ಕಿಂತ ದೊಡ್ಡ ಕೆಲಸ ಮಾಡಿದ್ದಾರೆ.

ಇನ್ನು ಯಾರು ಬದುಕುತ್ತಾರೆ, ಯಾರು ಉಳಿಯುವುದಿಲ್ಲ ಎಂಬುದು. 2023ರಲ್ಲಿ ದೇಶದಲ್ಲಿ ದಾಖಲಾದ ಡೆಂಗಿ ಪ್ರಕರಣಗಳು ಸುಮಾರು 2.89 ಲಕ್ಷ, ಸಾವು 485. ಅಂದರೆ ಹತ್ತು ಸಾವಿರಕ್ಕೆ ಸುಮಾರು ಹದಿನೇಳು. ಈ ಅಂಕಿ ನೋಡಿ ಹಗುರ ಎನ್ನಬಹುದು. ಆದರೆ ತೀವ್ರ ಡೆಂಗಿಗೆ ಜಾರಿದವರಿಗೆ ಚಿಕಿತ್ಸೆಯೇ ಸಿಗದಿದ್ದರೆ ಐವರಲ್ಲಿ ಒಬ್ಬರವರೆಗೆ ಸಾಯಬಹುದು, ಸಮಯಕ್ಕೆ ಸರಿಯಾದ ಆರೈಕೆ ಸಿಕ್ಕರೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಇಷ್ಟು ಅಂತರವನ್ನು ಯಾವ ದುಬಾರಿ ಔಷಧವೂ ಇಲ್ಲದೆ ತಂದುಕೊಡುವ ಕಾಯಿಲೆಗಳು ವೈದ್ಯಶಾಸ್ತ್ರದಲ್ಲಿ ಅಪರೂಪ. ಹಾಗೆಯೇ, ಆಸ್ಪತ್ರೆಯೊಂದರ ಸಾವಿನ ಪ್ರಮಾಣವನ್ನು ಕಾಯಿಲೆಯ ಸಾವಿನ ಪ್ರಮಾಣ ಎಂದು ಓದಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಗುಣವಾದವರು ಅಲ್ಲಿಂದಲೇ ಮನೆಗೆ ಹೋಗುತ್ತಾರೆ, ಕೆಟ್ಟವರು ಜಿಲ್ಲಾಸ್ಪತ್ರೆಗೆ ಬರುತ್ತಾರೆ. ದೊಡ್ಡ ಆಸ್ಪತ್ರೆಯ ಲೆಕ್ಕ ಯಾವಾಗಲೂ ಕಪ್ಪಾಗಿಯೇ ಕಾಣುತ್ತದೆ.

ಹೆಚ್ಚು ಎಚ್ಚರ ಬೇಕಾದವರು: ಒಂದು ವರ್ಷದೊಳಗಿನ ಕೂಸುಗಳು, ಗರ್ಭಿಣಿಯರು, ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇರುವವರು, ಸ್ಥೂಲಕಾಯದವರು, ಮತ್ತು ಹಿಂದೊಮ್ಮೆ ಡೆಂಗಿ ಬಂದವರು. ಕೊನೆಯದು ಹಲವರಿಗೆ ವಿಚಿತ್ರವೆನಿಸುತ್ತದೆ. ಒಂದು ಬಗೆಯ ವೈರಸ್ಸಿನಿಂದ ಗುಣವಾದವರಿಗೆ ಆ ಬಗೆಯಿಂದ ರಕ್ಷಣೆ ಸಿಗುತ್ತದೆ. ಆದರೆ ಬೇರೆ ಬಗೆಯದು ತಗಲಿದಾಗ ಹಳೆಯ ಪ್ರತಿಕಾಯಗಳು ಹೊಸ ವೈರಸ್ಸನ್ನು ಅಡಗಿಸುವ ಬದಲು ಜೀವಕೋಶದ ಒಳಕ್ಕೆ ಕೈಹಿಡಿದು ಕರೆದೊಯ್ಯಬಲ್ಲವು. ಎರಡನೇ ಸಲದ ಡೆಂಗಿ ತೀವ್ರವಾಗುವ ಸಾಧ್ಯತೆ ಹೆಚ್ಚು ಇರುವುದು ಇದರಿಂದ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು: ಜ್ವರದ ನಡುವೆ ಮುಟ್ಟಾದರೆ, ಸ್ರಾವ ಎಂದಿಗಿಂತ ಹೆಚ್ಚಿದ್ದರೆ, ಸಂಕೋಚವಿಲ್ಲದೆ ಹೇಳಿ. ಒಸಡಿನ ರಕ್ತವನ್ನು ಎಲ್ಲರೂ ತೋರಿಸುತ್ತಾರೆ, ಇದನ್ನು ಕೇಳಿದರೂ ಹೇಳುವುದಿಲ್ಲ.

ಕೋವಿಡ್‌ನ ನೆನಪು ಇಲ್ಲಿ ಬಾರದೆ ಇರದು. ದೇಶದಲ್ಲಿ ಮೊದಲು ದೃಢಪಟ್ಟ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯ ಹಿರಿಯರೊಬ್ಬರದು. ಆ ಎರಡು ವರ್ಷಗಳಲ್ಲಿ ಪ್ರತಿ ಮನೆಯವರೂ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡುವುದನ್ನು ಕಲಿತರು. ಅಲ್ಲಿ ಕೆಡುತ್ತಿದ್ದದ್ದು ಹೆಚ್ಚಾಗಿ ಎರಡನೇ ವಾರದ ಹೊತ್ತಿಗೆ, ಕೆಡುವ ಅಂಗ ಪುಪ್ಪುಸ. ಆಮ್ಲಜನಕ ಬೇಕಾದವರಿಗೆ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು ಅದೇ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗ ತೋರಿಸಿಕೊಟ್ಟಿತು. ಆ ನೆನಪಿನಲ್ಲೇ ಈಗ ಕೆಲವರು ಡೆಂಗಿಗೂ ಸ್ಟೀರಾಯ್ಡ್ ಕೇಳುತ್ತಾರೆ, ಕೆಲವು ಕಡೆ ಕೊಟ್ಟೂ ಬಿಡುತ್ತಾರೆ. ಡೆಂಗಿಯಲ್ಲಿ ಅದರಿಂದ ಪ್ರಯೋಜನವಿದೆ ಎಂಬುದಕ್ಕೆ ಪುರಾವೆ ಇಲ್ಲ. ಆಕ್ಸಿಮೀಟರ್ ಕೂಡ ಇಲ್ಲಿ ತಡವಾಗಿಯೇ ಎಚ್ಚರಿಸುತ್ತದೆ. ಶಾಕ್ ಆರಂಭವಾದಾಗಲೂ 98 ತೋರಿಸುತ್ತಾ ಇರಬಹುದು.

ಸೊಳ್ಳೆಯ ವಿಷಯಕ್ಕೆ ಬರುತ್ತೇನೆ, ಬೇಗ ಮುಗಿಸುತ್ತೇನೆ. ಗಟಾರ ಗಲೀಜಾಗಿದೆ, ಅದಕ್ಕೇ ಡೆಂಗಿ ಎಂದು ಮಹಾನಗರ ಪಾಲಿಕೆಯನ್ನು ಬೈಯುವುದು ರೂಢಿ. ಗಟಾರಕ್ಕಾಗಿ ಬೈಯಬೇಕಾದದ್ದೇ, ಆದರೆ ಈಡಿಸ್ ಬೆಳೆಯುವುದು ಮನೆಯ ಒಳ್ಳೆಯ ನೀರಿನಲ್ಲಿ. ನಳಕ್ಕೆ ದಿನವೂ ನೀರು ಬರದ ಓಣಿಗಳಲ್ಲಿ ಜನ ಡ್ರಮ್ಮು, ಬ್ಯಾರಲ್ಲು, ಕೊಡ, ನೆಲದ ಟ್ಯಾಂಕು ಎಲ್ಲದರಲ್ಲೂ ಕೂಡಿಡುತ್ತಾರೆ. ನೀರನ್ನು ಚೆಲ್ಲಿ ಎಂದು ನಾನು ಹೇಳಿದರೆ ಅದು ಬಾಯಿಮಾತಿನ ಉಪದೇಶ. ಮೇಲೆ ಬಟ್ಟೆ ಬಿಗಿದು ಕಟ್ಟಿ ಎನ್ನಬಲ್ಲೆ. ನಮ್ಮ ಊರಿನ ವಿಶೇಷ ಬೇರೆಯೇ ಇದೆ: ಏರ್ ಕೂಲರ್. ಮೇ ತಿಂಗಳ ಉರಿಯಲ್ಲಿ ಅದಿಲ್ಲದೆ ಇಲ್ಲಿ ಮಲಗುವುದು ಕಷ್ಟ. ಮಳೆ ಬಿದ್ದ ದಿನ ಸ್ವಿಚ್ ಆರಿಸುತ್ತೇವೆ, ತಳದ ನೀರು ಹಾಗೆಯೇ ಉಳಿಯುತ್ತದೆ, ಕೂಲರ್ ಕಿಟಕಿಯಲ್ಲಿ ದೀಪಾವಳಿಯವರೆಗೆ ಕೂರುತ್ತದೆ. ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಆ ಮೊಟ್ಟೆಗಳು ಒಣಗಿ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಕಿದ ಕೂಡಲೇ ಮರಿಯಾಗುತ್ತವೆ. ಆದ್ದರಿಂದ ತಿಕ್ಕಿ ತೊಳೆಯಬೇಕು, ವಾರಕ್ಕೊಮ್ಮೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಎಂದು ಘೋಷಿಸಿ, ಲಾರ್ವಾ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ, ಹಳ್ಳಿಯ ಮನೆಗಳಿಗೆ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡಕ್ಕಿಂತ, ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯನ್ನು ಒಳಗೆ ಬಿಟ್ಟು ಕೂಲರ್ ತೋರಿಸಿದರೆ ಹೆಚ್ಚು ಕೆಲಸವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಪ್ರಶ್ನೆಗಳು.

"ಪಪ್ಪಾಯಿ ಎಲೆಯ ರಸ ಕುಡಿಸಬಹುದೇ?" ಕೆಲವು ಸಣ್ಣ ಅಧ್ಯಯನಗಳಲ್ಲಿ ಪ್ಲೇಟ್‌ಲೆಟ್ ತುಸು ಬೇಗ ಏರಿದ್ದು ಕಂಡಿದೆ. ಶಾಕ್ ತಪ್ಪಿತು, ಸಾವು ತಪ್ಪಿತು ಎಂದು ಯಾರೂ ತೋರಿಸಿಲ್ಲ. ವಾಂತಿ ಆಗುತ್ತಿರುವವರ ಬಾಯಿಗೆ ಆ ಕಹಿ ಸುರಿದರೆ, ಒಳಗಿದ್ದ ಎರಡು ಲೋಟ ಮಜ್ಜಿಗೆಯೂ ಹೊರಗೆ ಬರುತ್ತದೆ. ಕಿವಿ ಹಣ್ಣು, ಡ್ರ್ಯಾಗನ್ ಹಣ್ಣು, ಆಡಿನ ಹಾಲು ಇವುಗಳ ಕಥೆಯೂ ಅಷ್ಟೇ. ಮಳೆಗಾಲದಲ್ಲಿ ಅವುಗಳ ಬೆಲೆ ಮಾತ್ರ ಖಂಡಿತ ಏರುತ್ತದೆ.

"ಹೈದರಾಬಾದಿಗೋ ಸೊಲ್ಲಾಪುರಕ್ಕೋ ಕರೆದೊಯ್ದರೆ ಒಳ್ಳೆಯದಲ್ಲವೇ?" ಯಾವ ದಿನ ಎಂಬುದರ ಮೇಲೆ ಇದೆ. ಕಲಬುರಗಿಯಿಂದ ಹೈದರಾಬಾದಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಸೋರಿಕೆ ನಡೆಯುತ್ತಿರುವ ತಾಸುಗಳಲ್ಲಿ ಆ ದಾರಿಯಲ್ಲಿ ಬಿಪಿ ನೋಡುವವರಿಲ್ಲ, ಪಿಸಿವಿ ಇಲ್ಲ. ಬಾಟಲಿ ಒಂದೋ ನಿಂತಿರುತ್ತದೆ, ಇಲ್ಲವೇ ಧಾರಾಕಾರ ಹರಿಯುತ್ತಿರುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಯಕೃತ್ತು ಕೆಟ್ಟಿದೆ, ಉಸಿರಾಟದ ಯಂತ್ರ ಬೇಕಾಗಬಹುದು ಎಂದು ನೋಡುತ್ತಿರುವ ವೈದ್ಯರೇ ಹೇಳಿದರೆ ಹೋಗಿ, ಮೊದಲು ಬಿಪಿ ಸ್ಥಿರವಾಗಲಿ. ಪ್ಲೇಟ್‌ಲೆಟ್ ಇಳಿಯಿತು ಎಂಬ ಒಂದೇ ಕಾರಣಕ್ಕೆ ಹೊರಡಬೇಡಿ.

"ಮನೆಯಲ್ಲಿರುವಾಗ ಯಾವುದನ್ನು ಕಂಡರೆ ತಕ್ಷಣ ಬರಬೇಕು?" ನಿಲ್ಲದ ಹೊಟ್ಟೆನೋವು. ಮತ್ತೆ ಮತ್ತೆ ವಾಂತಿ. ಒಸಡು, ಮೂಗಿನಲ್ಲಿ ರಕ್ತ, ಕಪ್ಪು ಮಲ. ಆರು ತಾಸಾದರೂ ಮೂತ್ರವಿಲ್ಲ. ಮಂಕಾಗಿ ಬಿದ್ದಿರುವುದು, ಅಥವಾ ಕಾರಣವಿಲ್ಲದೆ ಚಡಪಡಿಸುವುದು. ಜ್ವರ ಇಲ್ಲದಿದ್ದರೂ ತಣ್ಣನೆಯ ಕೈಕಾಲು. ಇವುಗಳಲ್ಲಿ ಯಾವುದೇ ಒಂದು ಇದ್ದರೂ ಬೆಳಗಾಗಲಿ ಎಂದು ಕಾಯಬೇಡಿ.

"ಲಸಿಕೆ ಇಲ್ಲವೇ?" ಕೆಲವು ದೇಶಗಳಲ್ಲಿ ಇದೆ. ನಮ್ಮಲ್ಲೇ ತಯಾರಾದ ಒಂದು ಡೋಸಿನ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರ ಆಗಸ್ಟ್‌ನಲ್ಲಿ ಶುರುವಾಗಿದೆ. ನಾಲ್ಕೂ ಬಗೆಗಳ ವಿರುದ್ಧ ಒಟ್ಟಿಗೇ ರಕ್ಷಣೆ ಕೊಡಬೇಕಾದ್ದರಿಂದ ಈ ಕೆಲಸ ನಿಧಾನ.

"ಆಸ್ಪತ್ರೆಯಿಂದ ಬಿಟ್ಟ ಮೇಲೆ ಮೈತುಂಬ ಕೆಂಪು ಗಂಧೆ ಎದ್ದಿದೆ, ಕೆರೆತ. ಮತ್ತೆ ಬಂತೇ?" ಇಲ್ಲ, ಅದು ಗುಣವಾಗುವಾಗ ಬರುವ ಗಂಧೆ. ಕೆಂಪಿನ ನಡುವೆ ಬಿಳಿ ಚುಕ್ಕೆಗಳು ಉಳಿದಿರುತ್ತವೆ. ನಾಲ್ಕಾರು ದಿನ ಕೆರೆಯುತ್ತದೆ, ಹೋಗುತ್ತದೆ. ಆಯಾಸ ಮಾತ್ರ ವಾರಗಟ್ಟಲೆ ಕಾಡಬಹುದು. ದಾಲ್‌ಮಿಲ್‌ನ ಮಾಲೀಕರು ಇಲ್ಲಿದ್ದರೆ ಅವರಿಗೂ ಇದು ಗೊತ್ತಿರಲಿ.

ಕೊನೆಯ ಪ್ರಶ್ನೆ ಕೇಳಿದ್ದು ಹಿಂದಿನ ಸಾಲಿನಲ್ಲಿದ್ದ ಒಬ್ಬ ಕಾಲೇಜು ಹುಡುಗಿ: "ವಾರ್ಡಿನಲ್ಲಿ ಡೆಂಗಿ ರೋಗಿಗಳಿಗೆ ಹಗಲಲ್ಲೂ ಸೊಳ್ಳೆ ಪರದೆ ಕಟ್ಟುತ್ತಾರಲ್ಲ, ಅವರಿಗೆ ಹೇಗೂ ಬಂದಾಗಿದೆ, ಯಾಕೆ?" ಪರದೆ ಅವರಿಗಲ್ಲ, ನಿಮಗೆ. ಜ್ವರ ಇರುವಷ್ಟು ದಿನ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಕಚ್ಚಿದ ಸೊಳ್ಳೆ ಒಂದೆರಡು ವಾರದಲ್ಲಿ ಇನ್ನೊಬ್ಬರಿಗೆ ಅಂಟಿಸಲು ತಯಾರಾಗುತ್ತದೆ, ಆಮೇಲೆ ಬದುಕಿರುವವರೆಗೂ ಅಂಟಿಸುತ್ತದೆ. ಮನೆಯಲ್ಲೇ ಮಲಗಿಸಿಕೊಂಡ ರೋಗಿಗೂ ಜ್ವರ ಬಿಡುವವರೆಗೆ ಹಗಲು ಹೊತ್ತು ಪರದೆ ಕಟ್ಟಿ.